ಶಾರ್ಕ್ ಸುಮ್ಮನೆ ಈಜುವುದಲ್ಲ, ಏನಾದರೂ ಮಾಡುವುದನ್ನು ಚಿತ್ರೀಕರಿಸಬೇಕು: ಎಲ್ಲಿ, ಯಾವಾಗ, ಹೇಗೆ?

ತೇಲುಗಣ್ಣು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ಹಾರ್ಡ್‌ಡಿಸ್ಕ್‌ನಲ್ಲಿ ಶಾರ್ಕ್ ವಿಡಿಯೋಗಳಿಗೆ ಬರವಿಲ್ಲ. ಆದರೆ ಎಲ್ಲದರ ಕಥೆಯೂ ಒಂದೇ: ಎಡಗಡೆಯಿಂದ ಬಂತು, ಬಲಗಡೆಗೆ ಹೋಯ್ತು. ನಮ್ಮಮ್ಮ ಈಗ ನೋಡೋದನ್ನೇ ಬಿಟ್ಟಿದ್ದಾರೆ. "ಇದು ಹೋದ ಸಲ ತೋರಿಸಿದ್ದೇ ಅಲ್ವೇನೋ" ಅಂತಾರೆ.

ನನಗೆ ಬೇಕಿರೋದು ಶಾರ್ಕ್ ಏನಾದರೂ ಮಾಡ್ತಿರೋ ದೃಶ್ಯ. ಬೇಟೆಯಾಡೋದು, ಸಣ್ಣ ಮೀನುಗಳ ಹತ್ತಿರ ಮೈ ಶುಚಿ ಮಾಡಿಸಿಕೊಳ್ಳೋದು, ಜೋಡಿಯಾಗೋದು, ಒಂದನ್ನೊಂದು ಹೆದರಿಸೋದು, ಹೀಗೆ. ಸ್ಕೂಬಾ ಡೈವಿಂಗ್‌ನ ಅಡ್ವಾನ್ಸ್ಡ್ ಕೋರ್ಸ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರೋ ಗಾಳಿ) ಕೋರ್ಸ್ ಎರಡೂ ಆಗಿದೆ, ರಾತ್ರಿ ಡೈವ್ ಅಭ್ಯಾಸ ಇದೆ. ಮಿರರ್‌ಲೆಸ್ ಕ್ಯಾಮೆರಾ, ನೀರು ನುಗ್ಗದ ಹೌಸಿಂಗ್, ಲೆನ್ಸ್ ಮುಂದಿನ ಡೋಮ್, ಎರಡು ವಿಡಿಯೋ ಲೈಟ್, ಜೊತೆಗೊಂದು ಗೋಪ್ರೊ. ಮುಂದಿನ ವರ್ಷ ಎರಡು ವಾರ ರಜೆ ಗಿಟ್ಟಿಸಬಹುದು. ಗಲಾಪಗೋಸ್, ಕೋಕೋಸ್ ದ್ವೀಪ ಎಲ್ಲ ನನ್ನ ಸಂಬಳಕ್ಕೆ ನಿಲುಕಲ್ಲ. ಎಲ್ಲಿಗೆ ಹೋದರೆ ಸಿಗುತ್ತೆ?

ಹೊಸನೀರು (ತುಮಕೂರು)

ನಾನು ಓಪನ್ ವಾಟರ್ ಅನ್ನೋ ಮೊದಲ ಕೋರ್ಸ್ ಮುಗಿಸಿದ್ದೇ ಈಗ. ನನಗೆ ಎಡದಿಂದ ಬಲಕ್ಕೆ ಹೋದರೂ ಸಾಕು ಗುರು. ಇಲ್ಲೇ ಕೂತು ಓದ್ತೀನಿ.

ಹವಳದಿಬ್ಬ (ಡೈವ್ ಗೈಡ್, ಮಾಲ್ಡೀವ್ಸ್)

ತೇಲುಗಣ್ಣು ಅವರೇ, ಮೊದಲು ಯಾವ ನಡವಳಿಕೆ ಬೇಕು ಅಂತ ತೀರ್ಮಾನ ಮಾಡ್ಕೊಳ್ಳಿ. ಅದು ನಡೆಯೋ ಜಾಗ, ತಿಂಗಳು, ಹೊತ್ತು ಆಮೇಲೆ ಗೊತ್ತಾಗುತ್ತೆ. ನೀವು ಜಾಗದಿಂದ ಶುರು ಮಾಡ್ತಿದ್ದೀರಿ, ಹಾಗಾಗಿ ಶಾರ್ಕ್ ಇರೋ ಜಾಗ ಸಿಗ್ತಿದೆ, ಕೆಲಸ ಮಾಡೋ ಶಾರ್ಕ್ ಸಿಗ್ತಿಲ್ಲ. ಎರಡು ವಾರದಲ್ಲಿ ನಾಲ್ಕು ದ್ವೀಪ ಸುತ್ತೋ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ನೀರಡಿಯ ಒಂದೇ ದಿಬ್ಬಕ್ಕೆ ದಿನಾ ಬೆಳಗ್ಗೆ ಇಳಿಯೋರಿಗೆ ಮಾತ್ರ ಅದರ ದಿನಚರಿ ಗೊತ್ತಾಗುತ್ತೆ. ದಿನಚರಿ ಗೊತ್ತಿಲ್ಲದೆ ವಿಶೇಷ ಯಾವುದು ಅಂತ ಹೇಗೆ ಗುರುತಿಸ್ತೀರಿ?

ನಿಮ್ಮ ಬಜೆಟ್ಟಿಗೆ ನನ್ನ ಉತ್ತರ ಮಲಪಾಸ್ಕುವಾ. ಫಿಲಿಪ್ಪೀನ್ಸ್‌ನ ಸೆಬು ದ್ವೀಪದ ಉತ್ತರ ತುದಿಯಲ್ಲಿ ಇರೋ ಪುಟ್ಟ ದ್ವೀಪ. ಅಲ್ಲಿನ ಮೋನಾಡ್ ದಿಬ್ಬಕ್ಕೆ ಥ್ರೆಶರ್ ಶಾರ್ಕ್‌ಗಳು ಆಳದಿಂದ ಮೇಲೆ ಬರೋದೇ ಕ್ಲೀನಿಂಗ್‌ಗೆ. ಮೈಯಷ್ಟೇ ಉದ್ದದ ಬಾಲ ಇಟ್ಕೊಂಡು ವೇಗವಾಗಿ ಓಡಾಡೋ ಪ್ರಾಣಿ ಅದು. ಕ್ಲೀನರ್ ಮೀನುಗಳಿರೋ ಬಂಡೆಯ ಹತ್ತಿರ ಬಂದಾಗ ಮಾತ್ರ ಗತಿ ಇಳಿಸಿ, ಬಾಲ ಕೆಳಗೆ ಬಿಟ್ಟು, ಅದೇ ಜಾಗದಲ್ಲಿ ಸುತ್ತು ಹಾಕ್ತಿರುತ್ತೆ. ಸಣ್ಣ ಮೀನುಗಳು ಬಾಲದ ಬುಡ, ಹೊಟ್ಟೆಯಡಿಯ ರೆಕ್ಕೆ ಎಲ್ಲ ತಡಕಾಡುತ್ತವೆ. ಮುಂಜಾನೆ ಹೊತ್ತು ಜಾಸ್ತಿ. ಈಚೆಗೆ ಕಿಮುಡ್ ಅನ್ನೋ ಇನ್ನೊಂದು ದಿಬ್ಬಕ್ಕೆ ಹೆಚ್ಚು ಜನ ಹೋಗ್ತಾರೆ. ಅದರ ನೆತ್ತಿ ಮೋನಾಡ್‌ನಷ್ಟು ಆಳ ಇಲ್ಲ, ಹಾಗಾಗಿ ನೀರಡಿ ಹೆಚ್ಚು ಹೊತ್ತು ಸಿಗುತ್ತೆ. ಮೋನಾಡ್‌ನಲ್ಲಿ ಟೈಗರ್ ಶಾರ್ಕ್ ಓಡಾಟ ಶುರುವಾದ ಮೇಲೆ ಥ್ರೆಶರ್‌ಗಳು ಆ ಕಡೆ ಸರಿದವು ಅಂತ ಅಲ್ಲಿಯ ಗೈಡ್‌ಗಳು ಹೇಳ್ತಾರೆ.

ಇನ್ನೊಂದು ಮಾತು. ಥ್ರೆಶರ್ ಡೈವ್‌ಗಳಲ್ಲಿ ಫ್ಲಾಶ್, ವಿಡಿಯೋ ಲೈಟ್ ಎರಡಕ್ಕೂ ಅವಕಾಶ ಇಲ್ಲ. ಆಳದ ಕತ್ತಲಿಗೆ ಹೊಂದಿಕೊಂಡ ದೊಡ್ಡ ಕಣ್ಣು ಅವುಗಳದ್ದು. ನಿಮ್ಮ ಎರಡೂ ಲೈಟ್ ಮನೆಯಲ್ಲೇ ಇರಲಿ.

ತೇಲುಗಣ್ಣು

ಲೈಟ್ ಇಲ್ಲದೆ, ಬೆಳಗಿನ ಜಾವ, ಇಪ್ಪತ್ತೈದು ಮೀಟರ್ ಕೆಳಗೆ? ನೀಲಿ ಮಸಿ ಬಿಟ್ಟು ಏನೂ ಬರಲ್ಲವಲ್ಲ ಮೇಡಂ.

ಎಫ್‌ಸ್ಟಾಪ್ (ಮೈಸೂರು)

ಬರುತ್ತೆ, ಬಿಡಿ. ಐಎಸ್‌ಒ 3200 ಅಲ್ಲ, 6400ಕ್ಕೆ ಹೋದರೂ ಹೆದರಬೇಡಿ. ಈಗಿನ ಸೆನ್ಸರ್‌ಗಳು ತಡೆಯುತ್ತವೆ, ಚಿತ್ರದಲ್ಲಿ ಉಳಿದ ಕಾಳುಕಾಳು ಚುಕ್ಕೆ ಎಡಿಟಿಂಗ್‌ನಲ್ಲಿ ಹೋಗುತ್ತೆ. ಹೋಗಲಾಡಿಸೋಕೆ ಆಗದ್ದು ಅಂದ್ರೆ ಅಲುಗಾಟ. ಸ್ಲೋ ಮೋಷನ್ ಆಸೆಗೆ ಸೆಕೆಂಡಿಗೆ 100 ಫ್ರೇಮ್ ಇಟ್ಟರೆ ಷಟರ್ ಅಷ್ಟು ವೇಗವಾಗಬೇಕು, ಇರೋ ಬೆಳಕೂ ಹೋಯ್ತು. ಮುಂಜಾನೆ ಮೊದಲ ಡೈವ್‌ಗೆ 25, ಬಿಸಿಲು ಏರಿದ ಮೇಲೆ 50 ಇಟ್ಕೊಳ್ಳಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಲೇಬೇಡಿ. ತಳದ ಮರಳಿಗೆ ಹಿಡಿದು ಆ ಆಳದಲ್ಲೇ ಸೆಟ್ ಮಾಡಿ. ಮಧ್ಯದಲ್ಲಿ ಕ್ಯಾಮೆರಾ ತಾನೇ ಬಣ್ಣ ಬದಲಾಯಿಸಿಕೊಂಡರೆ ಆ ಕ್ಲಿಪ್‌ ಯಾವ ಕೆಲಸಕ್ಕೂ ಬರಲ್ಲ.

ಇನ್ನು ಗೋಪ್ರೊ. ಅದನ್ನು ಹಣೆಗೆ ಕಟ್ಕೊಂಡು ಓಡಾಡೋದು ಬಿಟ್ಟು ಪುಟ್ಟ ತೂಕದ ಸ್ಟ್ಯಾಂಡಿಗೆ ಹಾಕಿ. ಗೈಡ್ ಒಪ್ಪಿದ ಕಡೆ, ಬರೀ ಮರಳಿನ ಮೇಲೆ, ಜೀವಂತ ಹವಳ ತಾಕದ ಹಾಗೆ ಇಟ್ಟು ಹಿಂದೆ ಸರೀರಿ. ಮನುಷ್ಯ, ಗುಳ್ಳೆ ಎರಡೂ ದೂರ ಹೋದ ಮೇಲೆ ಶಾರ್ಕ್ ಬೇರೆಯದೇ ಪ್ರಾಣಿ. ಹೀರೋ 9ರಿಂದ ಈಚೆಗೆ ಹೈಂಡ್‌ಸೈಟ್ ಅಂತ ಒಂದು ಸೌಲಭ್ಯ ಇದೆ. ಬಟನ್ ಒತ್ತುವುದಕ್ಕೆ 30 ಸೆಕೆಂಡ್ ಮುಂಚಿನದ್ದನ್ನೂ ಉಳಿಸಿಕೊಡುತ್ತೆ. ಬ್ಯಾಟರಿ ಕುಡಿಯುತ್ತೆ, ಆದರೆ ಬೇಟೆ ಅನ್ನೋದು ನಾವು "ಅರೆ!" ಅನ್ನೋಷ್ಟರಲ್ಲಿ ಮುಗಿದಿರುತ್ತೆ.

ತೇಲುಗಣ್ಣು

ಥ್ರೆಶರ್ ಬಾಲದಲ್ಲಿ ಹೊಡೆದು ಮೀನು ಹಿಡಿಯುತ್ತಂತಲ್ಲ, ಅದನ್ನು ಯಾರಾದರೂ ನೋಡಿದ್ದೀರಾ? ಮಲಪಾಸ್ಕುವಾದಲ್ಲಿ ಸಿಗುತ್ತಾ?

ಜೀವಶಾಸ್ತ್ರದ ಮೇಷ್ಟ್ರು (ಶಿವಮೊಗ್ಗ)

ನಾನು ಡೈವ್ ಮಾಡುವವನಲ್ಲ, ಈಜು ಬರುವುದೇ ತುಂಗೆಯ ಮಟ್ಟಿಗೆ. ಆದರೆ ಇದರ ಬಗ್ಗೆ ಓದಿದ್ದೇನೆ, ಕ್ಲಾಸಿನಲ್ಲಿ ಆ ವಿಡಿಯೋ ತೋರಿಸುತ್ತಲೂ ಇರುತ್ತೇನೆ.

ಬಾಲದಲ್ಲಿ ಹೊಡೆಯುತ್ತದೆ ಎಂಬ ಗುಮಾನಿ ಬಹಳ ಹಿಂದಿನದು. ಗಾಳಕ್ಕೆ ಬಿದ್ದ ಥ್ರೆಶರ್‌ಗಳಲ್ಲಿ ಕೆಲವಕ್ಕೆ ಬಾಯಿಗೆ ಬದಲು ಬಾಲಕ್ಕೆ ಗಾಳ ಸಿಕ್ಕಿರುತ್ತಿತ್ತು. ಸಹಜ ಬೇಟೆಯಲ್ಲಿ ಅದು ಸ್ಪಷ್ಟವಾಗಿ ದಾಖಲಾಗಿದ್ದು 2010ರ ಜೂನ್‌ನಿಂದ ಅಕ್ಟೋಬರ್ ನಡುವೆ, ಅದೂ ಸೆಬು ದ್ವೀಪದ್ದೇ ಇನ್ನೊಂದು ಮಗ್ಗುಲಿನ ಪೆಸ್ಕಾಡೋರ್ ಎಂಬಲ್ಲಿ. ಸಂಶೋಧಕ ಸೈಮನ್ ಆಲಿವರ್ ಮತ್ತು ಸಂಗಡಿಗರು ಕೈಯಲ್ಲಿ ಹಿಡಿದ ಮಾಮೂಲಿ ವಿಡಿಯೋ ಕ್ಯಾಮೆರಾಗಳಲ್ಲೇ ಚಿತ್ರೀಕರಿಸಿ 2013ರಲ್ಲಿ ಪ್ರಕಟಿಸಿದರು. ಶಾರ್ಕ್ ಬೂತಾಯಿ ಮೀನಿನ ಗುಂಪಿನತ್ತ ನುಗ್ಗುತ್ತದೆ, ಎದೆಯ ರೆಕ್ಕೆಗಳನ್ನು ಒಳಕ್ಕೆಳೆದುಕೊಂಡು ಥಟ್ಟನೆ ತಲೆ ತಗ್ಗಿಸುತ್ತದೆ, ಹಿಂಭಾಗ ಎದ್ದು ಬಾಲ ತಲೆಯ ಮೇಲಿಂದ ಚಾಟಿಯ ಹಾಗೆ ಬೀಸಿ ಬರುತ್ತದೆ. ಹೆಚ್ಚಿನ ಏಟುಗಳು ಹೀಗೆ ಮೇಲಿನಿಂದ, ಪಕ್ಕಕ್ಕೆ ಬೀಸಿದ್ದು ಕಡಿಮೆ. ತಗುಲಿದರೆ ಒಂದೇ ಏಟಿಗೆ ಒಂದಕ್ಕಿಂತ ಹೆಚ್ಚು ಮೀನು ಪ್ರಜ್ಞೆ ತಪ್ಪುತ್ತದೆ. ಆಮೇಲೆ ಶಾರ್ಕ್ ನಿಧಾನವಾಗಿ ತಿರುಗಿ ಬಂದು ಹೆಕ್ಕಿಕೊಂಡು ತಿನ್ನುತ್ತದೆ.

ಇಲ್ಲಿ ಗಮನಿಸಬೇಕಾದ್ದು: ಅದೇ ತಂಡ ಮಲಪಾಸ್ಕುವಾದಲ್ಲಿ ಕ್ಲೀನಿಂಗ್ ಬಗ್ಗೆ ಅಧ್ಯಯನ ಮಾಡಿ 2011ರಲ್ಲಿ ಬರೆದಿತ್ತು. ಬೇಟೆ ಚಿತ್ರೀಕರಿಸಲು ಬೇರೆ ಜಾಗಕ್ಕೆ ಹೋಗಬೇಕಾಯಿತು. ಒಂದೇ ಪ್ರಾಣಿ, ಒಂದು ಕಡೆ ಸ್ನಾನ, ಇನ್ನೊಂದು ಕಡೆ ಊಟ. ಹವಳದಿಬ್ಬ ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಹವಳದಿಬ್ಬ

ಮೇಷ್ಟ್ರೇ, ಥ್ಯಾಂಕ್ಸ್. ಅದಕ್ಕೆ ಒಂದು ಸೇರಿಸ್ತೀನಿ. ಪೆಸ್ಕಾಡೋರ್‌ನಲ್ಲಿದ್ದ ಬೂತಾಯಿ ಗುಂಪು ಆಮೇಲೆ ಮೋವಾಲ್‌ಬೋವಾಲ್ ಊರಿನ ಪನಗ್‌ಸಾಮಾ ದಡಕ್ಕೇ ಬಂದು ನಿಂತಿದೆ. ದಡದಿಂದಲೇ ಇಳಿದು ನೋಡಬಹುದು, ದೊಡ್ಡ ಗುಂಪು. ಥ್ರೆಶರ್ ಬರುವುದು ಅಪರೂಪ. ಅಂದರೆ ಬೇಟೆಯನ್ನೇ ನಂಬಿ ಹೋದರೆ ಬರಿಗೈಲಿ ಬರೋ ಸಾಧ್ಯತೆ ದೊಡ್ಡದು, ಕ್ಲೀನಿಂಗ್ ನಂಬಿ ಹೋದರೆ ಚಿಕ್ಕದು.

ಟೈಗರ್‌ಪ್ರಿಯ (ದುಬೈ)

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ಮಾಲ್ಡೀವ್ಸ್‌ನ ಫುವಾಮುಲಾಗೆ ಹೋಗಿ. ಟೈಗರ್ ಶಾರ್ಕ್ ಗ್ಯಾರಂಟಿ, ವರ್ಷ ಪೂರ್ತಿ, ಮೂತಿ ಡೋಮ್‌ಗೆ ತಾಗೋಷ್ಟು ಹತ್ತಿರ. ಇಲ್ಲದಿದ್ದರೆ ಮಾಲ್ಡೀವ್ಸ್‌ನದೇ ಆಲಿಮಾಥಾ ದ್ವೀಪದ ರಾತ್ರಿ ಡೈವ್, ನರ್ಸ್ ಶಾರ್ಕ್‌ಗಳು ಮೈಮೇಲೇ ಬಂದು ಬೀಳ್ತವೆ. ದುಡ್ಡು ಕೊಟ್ಟ ಮೇಲೆ ಏನಾದರೂ ಸಿಗಬೇಕಲ್ವಾ.

ಹವಳದಿಬ್ಬ

ಫುವಾಮುಲಾ ಒಳ್ಳೆಯ ಜಾಗ, ಬೇಡ ಅನ್ನಲ್ಲ. ಆದರೆ ಅಲ್ಲಿ ಟೈಗರ್ ಬರೋದು ಬಂದರಿನ ಹತ್ತಿರ ಬೀಳೋ ಮೀನಿನ ತ್ಯಾಜ್ಯಕ್ಕೆ, ಆಮೇಲೆ ಡೈವರ್‌ಗಳು ಇಡೋ ಮೀನಿನ ತಲೆ, ಮೂಳೆಗೆ. ಆಲಿಮಾಥಾದ್ದೂ ಅದೇ, ಉಳಿಕೆ ಮೀನು ಹಾಕಿ ಹಾಕಿ ರೂಢಿಯಾಗಿರೋದು. ಅಲ್ಲಿ ನೀವು ಚಿತ್ರೀಕರಿಸೋದು ಊಟದ ಪಂಕ್ತಿಗೆ ಎಲೆ ಹಾಕಿದಾಗ ಜನ ಹೇಗೆ ಕೂರ್ತಾರೆ ಅನ್ನೋದನ್ನ. ಚೆನ್ನಾಗಿರುತ್ತೆ. ಅದರಿಂದ ಶಾರ್ಕ್ ತಾನಾಗೇ ಇದ್ದಾಗ ಏನು ಮಾಡುತ್ತೆ ಅಂತ ಗೊತ್ತಾಗಲ್ಲ.

ಟೈಗರ್‌ಪ್ರಿಯ

ಯಾರು ಯಾರ ಹತ್ರ ಮೊದಲು ಹೋಗಬೇಕು, ಯಾವುದು ಯಾವುದಕ್ಕೆ ದಾರಿ ಬಿಡುತ್ತೆ, ಇದೆಲ್ಲ ನಡವಳಿಕೆ ಅಲ್ವಾ ಹಾಗಾದ್ರೆ? ದೊಡ್ಡ ಹೆಣ್ಣು ಬಂದ ತಕ್ಷಣ ಚಿಕ್ಕವು ಹೇಗೆ ಜಾಗ ಖಾಲಿ ಮಾಡ್ತವೆ ನೋಡಿದ್ದೀರಲ್ಲ. ಫಿಜಿಯಲ್ಲಿ ಬುಲ್ ಶಾರ್ಕ್ ಬಗ್ಗೆ ಇಷ್ಟು ವರ್ಷ ಅಧ್ಯಯನ ನಡೆದಿರೋದೂ ಮೀನು ಹಾಕೋ ಜಾಗದಲ್ಲೇ.

ಹವಳದಿಬ್ಬ

ಅದನ್ನ ಒಪ್ತೀನಿ. ಪಂಕ್ತಿಯಲ್ಲೂ ಹಿರಿಯರು ಕಿರಿಯರು ಇರ್ತಾರೆ. ಹಾಗೆ ಚಿತ್ರೀಕರಿಸೋದಾದರೆ "ಆಹಾರ ಇಟ್ಟಿದ್ದೆವು" ಅಂತ ವಿಡಿಯೋದಲ್ಲೇ ಬರೆಯಿರಿ ಅಷ್ಟೇ. ಬರೆಯದೆ "ಅಪರೂಪದ ವರ್ತನೆ" ಅಂತ ಹಾಕೋರನ್ನ ಕಂಡರೆ ನನಗಾಗಲ್ಲ.

ಮಲ್ಪೆಯವ

ಎಂತ ಮಾರಾಯ್ರೆ, ನೀವೆಲ್ಲ ಇಷ್ಟು ದುಡ್ಡು ಸುರಿದು ತಾಟೆ (ಶಾರ್ಕ್) ಹುಡುಕಿಕೊಂಡು ಹೋಗುವುದಾ! ನಮ್ಮಲ್ಲಿ ಬಲೆಗೆ ಬಂದರೆ ಬಲೆ ಹರಿಯಿತಲ್ಲ ಅಂತ ಬೈಗುಳ. ತಮಾಷೆಗೆ ಹೇಳಿದ್ದು, ಬೇಜಾರು ಮಾಡ್ಕೊಳ್ಬೇಡಿ.

ಒಂದು ಮಾತು ಮಾತ್ರ ನಿಜ. ನೀರಿನ ಮೇಲೆ ಇರುವವನಿಗೆ ಕಾಣುವುದು ನೀರಿನ ಕೆಳಗಿರುವವನಿಗೆ ಕಾಣುವುದಿಲ್ಲ. ಹಕ್ಕಿ ಎಲ್ಲಿ ಮುಗಿಬೀಳ್ತದೆ, ನೀರಿನ ಬಣ್ಣ ಎಲ್ಲಿ ಗೆರೆ ಎಳೆದ ಹಾಗೆ ಬದಲಾಗ್ತದೆ, ಬೂತಾಯಿ ಎಲ್ಲಿ ನೀರು ಕುದಿಸ್ತದೆ, ಅಲ್ಲಿ ಕೆಳಗೆ ದೊಡ್ಡ ಮೀನು ಉಂಟು ಅಂತ ಲೆಕ್ಕ. ನೀವು ಹೋದ ಊರಲ್ಲಿ ಡೈವ್ ಅಂಗಡಿಯವರನ್ನು ಮಾತ್ರ ಕೇಳಿದರೆ ಸಾಲದು. ಬೆಳಿಗ್ಗೆ ಬೇಗ ದಕ್ಕೆಗೆ ಹೋಗಿ. ಯಾವ ಬೋಟಿಗೆ ಎಂತ ಬಂತು, ಹೊಟ್ಟೆಯಲ್ಲಿ ಮರಿ ಇದ್ದದ್ದು ಯಾವ ತಿಂಗಳು, ಸಣ್ಣ ಮರಿಗಳು ಯಾವ ಆಳದಲ್ಲಿ ಸಿಗ್ತವೆ, ಎಲ್ಲ ಅವರಿಗೆ ಗೊತ್ತುಂಟು. ಕೇಳುವವರು ಇಲ್ಲ ಅಷ್ಟೆ.

ಜೀವಶಾಸ್ತ್ರದ ಮೇಷ್ಟ್ರು

ಮಲ್ಪೆಯವರೇ, ನೂರಕ್ಕೆ ನೂರು. ಗುಜರಾತಿನ ವೆರಾವಳ ಕಡೆ ತಿಮಿಂಗಿಲ ಶಾರ್ಕಿನ ಬಗ್ಗೆ ಗೊತ್ತಾಗಿದ್ದರಲ್ಲಿ ಹೆಚ್ಚಿನ ಪಾಲು ಮೀನುಗಾರರಿಂದಲೇ ಬಂದಿದ್ದು. 2001ರಲ್ಲಿ ಅದಕ್ಕೆ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ಸಿಕ್ಕಿತು. ಆಮೇಲೆ ಬಲೆ ಕತ್ತರಿಸಿ ಬಿಟ್ಟವರಿಗೆ ಬಲೆಯ ನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರ ಬಂತು. ಮುಂಚೆ ಕೊಲ್ಲುತ್ತಿದ್ದವರೇ ಈಗ ಬಿಡುವವರು.

ಹೊಸನೀರು

ಹಾಗಾದರೆ ನೇತ್ರಾಣಿ? ನನ್ನಂಥವರಿಗೆ ಅಲ್ಲಿ ಏನಾದರೂ ಸಿಗಬಹುದಾ?

ಮಲ್ಪೆಯವ

ನೇತ್ರಾಣಿಯಲ್ಲಿ ತಿಮಿಂಗಿಲ ಶಾರ್ಕ್ ಅಪರೂಪಕ್ಕೆ ಕಂಡದ್ದುಂಟು. ಅದನ್ನು ನಂಬಿ ಮುರ್ಡೇಶ್ವರಕ್ಕೆ ಬಸ್ಸು ಹತ್ತಬೇಡಿ. ಮಳೆಗಾಲ ಹೇಗೂ ಇಲ್ಲ. ಅಕ್ಟೋಬರಿನಿಂದ ಮೇ ತನಕ ನೀರು ತಿಳಿ ಇದ್ದಾಗ ಹೋಗಿ.

ಹವಳದಿಬ್ಬ

ಹೊಸನೀರು, ನೇತ್ರಾಣಿಗೆ ಶಾರ್ಕ್‌ಗಾಗಿ ಹೋಗಬೇಡ, ಅಭ್ಯಾಸಕ್ಕೆ ಹೋಗು. ಕ್ಲೀನರ್ ಮೀನು ಇರೋ ಒಂದು ಬಂಡೆ ಹುಡುಕಿ, ಅಲ್ಲಿಂದ ಸ್ವಲ್ಪ ದೂರ, ಕೈಯಾಡಿಸದೆ, ಏರಿಳಿಯದೆ ಹತ್ತು ನಿಮಿಷ ತೇಲೋಕೆ ಆಗುತ್ತಾ ನೋಡು. ದೊಡ್ಡ ಗ್ರೂಪರ್ ಮೀನು ಬಂದು ಬಾಯಿ ತೆರೆದು ನಿಂತರೆ ನೀನು ಪಾಸು. ಅದು ನಿನ್ನನ್ನು ನಂಬಲಿಲ್ಲ ಅಂದರೆ ಶಾರ್ಕೂ ನಂಬಲ್ಲ. ತೇಲುವಿಕೆ ಕೈಗೆ ಬರೋತನಕ ಕ್ಯಾಮೆರಾ ಕೊಳ್ಳಬೇಡ, ಈ ಮಾತಿಗೆ ಅಂಗಡಿಯವರು ನನ್ನನ್ನ ಬೈಯಲಿ.

ಧಾರವಾಡದ ಮೊಸಳಿ (ಬ್ರಿಸ್ಬೇನ್)

ನಮಸ್ಕಾರ್ರಿ ಎಲ್ಲಾರಿಗೂ. ತಡಾ ಆಗಿ ಬಂದೆ. ನಾ ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎಲ್ಲಾ ಡೈವ್ ಡೈವ್ ಅಂತೀರಿ, ಅಪರೂಪದ ವರ್ತನೆ ನೋಡಾಕ ಟ್ಯಾಂಕ್ ಬೇಕಂತನ ಇಲ್ಲ.

ಇಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನ್ಯಾಗ ಹೆರಾನ್ ದ್ವೀಪ ಅಂತ ಐತಿ. ಅಲ್ಲಿ ಎಪೋಲೆಟ್ ಶಾರ್ಕ್, ಮೀಟರ್‌ಗಿಂತ ಕಡಿಮಿ ಉದ್ದದ್ದು, ನೀರು ಇಳದಾಗ ಹವಳದ ಮ್ಯಾಲೆ ನಡಕೋತ ಹೋಗತದ. ಖರೇನ ನಡೀತದ್ರಿ. ಎದಿ ರೆಕ್ಕಿ, ಹೊಟ್ಟಿ ರೆಕ್ಕಿ, ಒಂದರ ಹಿಂದ ಒಂದ ಊರಿ, ಮೈ ಹಾವಿನಂಗ ಹೊರಳಿಸಿ ಒಂದ ಗುಂಡಿಯಿಂದ ಇನ್ನೊಂದ ಗುಂಡಿಗೆ ದಾಟತದ. ರಾತ್ರಿ ನೀರಿಳದಾಗ ಗುಂಡಿಯೊಳಗ ಆಮ್ಲಜನಕ ಇರೂದಿಲ್ಲ, ಬ್ಯಾರೆ ಮೀನಾದ್ರ ಸತ್ತ ಹೋಗಬೇಕ, ಇದು ತಡಕೋತದ. ಇದರ ಅಣ್ಣತಮ್ಮಂದಿರು ನ್ಯೂಗಿನಿ, ಪೂರ್ವ ಇಂಡೋನೇಷ್ಯಾದಾಗೂ ಅದಾವ. ರಾಜಾ ಅಂಪತ್‌ದಾಗ ರಾತ್ರಿ ಡೈವ್ ಮಾಡಿದ್ರ ಆಳ ಇಲ್ಲದ ಕಡೆ ಸಿಗತಾವ. ತೇಲುಗಣ್ಣು ಅವರ ಬಜೆಟ್‌ಗೆ ಅದೂ ಬರಬಹುದು.

ಇನ್ನೊಂದ ಕೇಳ್ರಿ. 2024ರ ಜುಲೈದಾಗ ನ್ಯೂ ಕ್ಯಾಲಿಡೋನಿಯಾದ ನೂಮೆಯಾ ಹತ್ತರ ಲೆಪರ್ಡ್ ಶಾರ್ಕ್ ಜೋಡಿ ಆಗೂದನ್ನ ಹ್ಯೂಗೋ ಲಸೋಸ್ ಅನ್ನೋ ಸಂಶೋಧಕ ಚಿತ್ರೀಕರಿಸಿದ. ಕೆಳಗ ಮರಳಿನ ಮ್ಯಾಲೆ ಒಂದ ಹೆಣ್ಣು, ಅದರ ಎರಡೂ ಎದಿ ರೆಕ್ಕಿ ಕಚ್ಚಿ ಹಿಡದ ಎರಡ ಗಂಡು. ಅಂವಾ ಏನ ಮಾಡಿದಾ ಗೊತ್ತೇನ್ರಿ? ಜೊತಿಗಾರನಿಗೆ "ಬೋಟ್ ತಗೊಂಡ ದೂರ ಹೋಗು" ಅಂದ. ತಾ ಮ್ಯಾಲೆ ನೀರಾಗ ಥಂಡಿ ಹಿಡಕೋತ ಒಂದ ತಾಸು ಕಾದ. ಆಮ್ಯಾಲೆ ಅವು ಎದ್ದವು, ಮೊದಲನೇದು 63 ಸೆಕೆಂಡ್, ಎರಡನೇದು 47 ಸೆಕೆಂಡ್, ಮುಗೀತು. ಗಂಡು ಎರಡೂ ಸುಸ್ತಾಗಿ ಮರಳ ಮ್ಯಾಲೆ ಬಿದ್ದಕೊಂಡ್ವು, ಹೆಣ್ಣು ಆರಾಮ ಈಜಿ ಹೋತು.

ತೇಲುಗಣ್ಣು

ಒಂದು ತಾಸು ಕಾದು ಎರಡು ನಿಮಿಷಕ್ಕೂ ಕಡಿಮೆ ಫುಟೇಜ್! ಟ್ಯಾಂಕ್ ಹಾಕಿಕೊಂಡು ಕೆಳಗಿದ್ದಿದ್ದರೆ ಅಷ್ಟು ಹೊತ್ತು ಗಾಳಿ ಸಾಲೋದೂ ಕಷ್ಟ ಆಗ್ತಿತ್ತೇನೋ.

ಎಫ್‌ಸ್ಟಾಪ್

ಅದಕ್ಕೇ ಹೇಳಿದ್ದು ಸ್ಟ್ಯಾಂಡ್ ಅಂತ. ನಮ್ಮ ಗಾಳಿ ಮುಗಿದರೂ ಕ್ಯಾಮೆರಾಗೆ ಉಸಿರಾಟ ಬೇಡ.

ಜೀವಶಾಸ್ತ್ರದ ಮೇಷ್ಟ್ರು

ಜೋಡಿಯಾಗುವ ಕಾಲ ಹತ್ತಿರ ಬಂತೇ ಎಂದು ತಿಳಿಯಲು ಒಂದು ದಾರಿ ಹೆಣ್ಣಿನ ಮೈ ನೋಡುವುದು. ಗಂಡಿಗೆ ಕೈಯಿಲ್ಲ, ಬಾಯಲ್ಲೇ ಹಿಡಿಯಬೇಕು. ಹಾಗಾಗಿ ಹೆಣ್ಣಿನ ಎದೆಯ ರೆಕ್ಕೆ, ಕಿವಿರಿನ ಸುತ್ತ, ಬೆನ್ನಿನ ಮೇಲೆ ಅರ್ಧಚಂದ್ರದ ಗಾಯಗಳಿರುತ್ತವೆ. ಹಳೆಯದು ಬೆಳ್ಳಗೆ ಗೆರೆಯಂತೆ, ಹೊಸದು ಕೆಂಪಗೆ ಹಸಿಹಸಿ. ಒಂದು ಜಾಗದಲ್ಲಿ ಎರಡು ಮೂರು ಹೆಣ್ಣುಗಳಿಗೆ ಹಸಿ ಗಾಯ ಕಂಡರೆ ನೀವು ಸರಿಯಾದ ವಾರದಲ್ಲಿದ್ದೀರಿ. ನಿಮ್ಮ ಹಳೆಯ ಕ್ಲಿಪ್‌ಗಳಲ್ಲೂ ಹುಡುಕಿ ನೋಡಿ, ತಾರೀಖು ಹೇಗೂ ಇರುತ್ತದಲ್ಲ.

ತೇಲುಗಣ್ಣು

ಮೇಷ್ಟ್ರೇ, ನಿಮ್ಮ ಮಾತು ಕೇಳಿ ರಾತ್ರಿಯೆಲ್ಲ ಹಳೆಯದನ್ನ ತಿರುವಿ ಹಾಕಿದೆ. ಗಾಯ ಸಿಗಲಿಲ್ಲ. ಬೇರೆ ಒಂದು ಸಿಕ್ಕಿತು, ಏನು ಅಂತ ಹೇಳಿ. ಮಾಲ್ಡೀವ್ಸ್‌ನ ವಾವು ಅಟೋಲ್‌ನ (ಉಂಗುರದಂಥ ಹವಳದ್ವೀಪದ) ಕಾಲುವೆ ಬಾಯಲ್ಲಿ ತೆಗೆದದ್ದು. ಒಂದು ಗ್ರೇ ರೀಫ್ ಶಾರ್ಕ್, ನಾನು ಗೋಡೆಯ ಪಕ್ಕದಲ್ಲಿ ಅದರ ಹಿಂದೆ ಹೋಗ್ತಿದ್ದೀನಿ. ಫ್ರೇಮ್ ಫ್ರೇಮ್ ಆಗಿ ನೋಡಿದರೆ: ಮೊದಲು ಮಾಮೂಲಿ ಈಜು. ಆಮೇಲೆ ಮೂತಿ ಸ್ವಲ್ಪ ಮೇಲಕ್ಕೆತ್ತುತ್ತೆ. ಎದೆಯ ಎರಡೂ ರೆಕ್ಕೆ ನೇರ ಕೆಳಗೆ ಇಳಿಯುತ್ತೆ, ವಿಮಾನದ ಚಕ್ರ ಇಳಿಸಿದ ಹಾಗೆ. ಬೆನ್ನು ಗೂನು. ತಲೆ ಬಾಲ ಎರಡನ್ನೂ ಅಗಲಕ್ಕೆ ಬೀಸ್ತಾ ಈಜುತ್ತೆ, ಆದರೆ ಮುಂದೆ ಹೋಗೋದು ನಿಧಾನ. ಒಂದು ಸಲ ಪೂರ್ತಿ ಎಂಟರ ಆಕಾರದಲ್ಲಿ ಸುತ್ತಿತು. ಅಲ್ಲಿಗೆ ಕ್ಲಿಪ್ ಮುಗಿಯುತ್ತೆ. ಅವತ್ತು ನನಗೆ ಅದು ಚಂದ ಕಂಡಿತ್ತು ಅಷ್ಟೆ.

ಹವಳದಿಬ್ಬ

ಸ್ವಾಮಿ! ಅದು ನಿಮಗೆ ಕೊಟ್ಟ ಎಚ್ಚರಿಕೆ. ನೀವು ಹುಡುಕ್ತಿರೋ ಅಪರೂಪದ ವರ್ತನೆ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲೇ ಇದೆ. ಗೋಡೆ ಒಂದು ಕಡೆ, ನೀವು ಇನ್ನೊಂದು ಕಡೆ, ಅದಕ್ಕೆ ಹೋಗೋಕೆ ದಾರಿ ಇಲ್ಲ ಅನ್ನಿಸಿದೆ. ಇಂಥ ಹೊತ್ತಲ್ಲಿ ಹಿಂದೆ ಹೋಗಬಾರದು, ಫ್ಲಾಶ್ ಅಂತೂ ಹಾಕಲೇಬಾರದು. ಅದಕ್ಕೆ ತೆರೆದ ನೀರಿನ ದಾರಿ ಬಿಟ್ಟು, ಕಣ್ಣು ಅದರ ಮೇಲೇ ಇಟ್ಟು, ಗಡಿಬಿಡಿ ಮಾಡದೆ ಹಿಂದಕ್ಕೆ ಸರಿಯಬೇಕು.

ಜೀವಶಾಸ್ತ್ರದ ಮೇಷ್ಟ್ರು

ನೀವು ಬರೆದ ವಿವರ ಪಾಠದಲ್ಲಿರುವ ಹಾಗೇ ಇದೆ. ಪೆಸಿಫಿಕ್‌ನ ಎನೆವೆಟಾಕ್ ಹವಳದ್ವೀಪದಲ್ಲಿ ಜಾನ್ಸನ್ ಮತ್ತು ನೆಲ್ಸನ್ ಎಂಬ ಸಂಶೋಧಕರು ಈ ಭಂಗಿಯನ್ನು ಅಧ್ಯಯನ ಮಾಡಿ 1973ರಲ್ಲಿ ಬರೆದರು. ಶಾರ್ಕನ್ನು ಮೂಲೆಗೆ ಒತ್ತಿದಷ್ಟೂ, ವೇಗವಾಗಿ ಹತ್ತಿರ ಹೋದಷ್ಟೂ ಭಂಗಿ ತೀವ್ರವಾಗುತ್ತದೆ. ಇದು ಹಸಿವಲ್ಲ, ಆತ್ಮರಕ್ಷಣೆ. 1978ರಲ್ಲಿ ಅದೇ ಎನೆವೆಟಾಕ್‌ನಲ್ಲಿ ಮೈಕ್ ಡಿಗ್ರೂಯ್ ಇಂಥ ಭಂಗಿಯಲ್ಲಿದ್ದ ಗ್ರೇ ರೀಫ್ ಶಾರ್ಕಿನ ಫೋಟೋ ತೆಗೆದರು, ಅದು ನುಗ್ಗಿ ಅವರ ತೋಳನ್ನು ಕಚ್ಚಿತು. ಬದುಕಿ ಉಳಿದು ಮುಂದೆ ಹೆಸರಾಂತ ಸಮುದ್ರ ಚಿತ್ರ ನಿರ್ಮಾಪಕರಾದರು.

ಟೈಗರ್‌ಪ್ರಿಯ

ಕ್ಲಿಪ್ ಇಲ್ಲಿ ಹಾಕಿ ಗುರು, ಜಾಗದ ಹೆಸರೂ ಹೇಳಿ. ಮಾರ್ಚ್‌ನಲ್ಲಿ ಆ ಕಡೆ ಹೋಗ್ತಿದೀನಿ.

ಹವಳದಿಬ್ಬ

ಅದು ಆ ಜಾಗದ ಗುಣ ಅಲ್ಲ, ಅವರು ಹೋದ ರೀತಿಯ ಫಲ. ನೀವು ಹೋಗಿ ಮತ್ತೆ ಅದನ್ನೇ ಮಾಡಿಸಬೇಡಿ ದಯವಿಟ್ಟು. ಕಾಲುವೆ ಬಾಯಲ್ಲಿ ಶಾರ್ಕ್ ಸುಮ್ಮನೆ ತೂಗೋದನ್ನ ನೋಡಬೇಕಾ, ಜನವರಿಯಿಂದ ಏಪ್ರಿಲ್ ತನಕ ಪೂರ್ವದ ಅಂಚಿನ ಕಾಲುವೆಗಳು, ನೀರು ಒಳಕ್ಕೆ ಹರಿಯೋ ಹೊತ್ತು. ಈಶಾನ್ಯ ಮಾನ್ಸೂನ್‌ನಲ್ಲಿ ಸಾಗರದ ತಿಳಿನೀರು ಆ ಕಡೆಯಿಂದ ಒಳಗೆ ಬರುತ್ತೆ, ಗ್ರೇ ರೀಫ್‌ಗಳು ಆ ಹರಿವಿಗೆ ಎದುರಾಗಿ ಸಾಲುಗಟ್ಟಿರುತ್ತವೆ. ಮೂವತ್ತು ಮೀಟರ್ ಮಿತಿ ಇಲ್ಲಿಯ ಕಾನೂನು, ಶಾರ್ಕ್ ಕೆಳಗಿದೆ ಅಂತ ಇಳಿಯಬೇಡಿ.

ಮಲ್ಪೆಯವ

ಜಾಗದ ಹೆಸರು ಹೇಳುವುದು ಬಿಡುವುದು ದೊಡ್ಡ ಚರ್ಚೆ ಮಾಡಬೇಡಿ. ಮೀನು ಎಲ್ಲಿ ಉಂಟು ಅಂತ ಹಿಡಿಯುವವನಿಗೆ ನಿಮ್ಮ ವಿಡಿಯೋ ನೋಡಿ ಗೊತ್ತಾಗಬೇಕಾದ್ದಿಲ್ಲ.

ಹವಳದಿಬ್ಬ

ಹಿಡಿಯೋರಿಗೆ ಗೊತ್ತಿರುತ್ತೆ ಸರ್. ನಾನು ಹೆದರೋದು ಹತ್ತು ಬೋಟಿನಲ್ಲಿ ಬಂದು ಇಳಿಯೋ ನಮ್ಮಂಥವರಿಗೆ. ಮರಿ ಹಾಕೋ ಜಾಗ, ಜೋಡಿಯಾಗೋ ಜಾಗ ಅಂದ್ರೆ ಅಟೋಲ್ ಹೆಸರು ಸಾಕು, ನಕ್ಷೆಯ ಗುರುತು ಬೇಡ.

ಎಫ್‌ಸ್ಟಾಪ್

ಗುಳ್ಳೆ ವಿಷಯ ಇನ್ನೂ ಸ್ವಲ್ಪ ಇದೆ. ಕೋಕೋಸ್‌ನಲ್ಲಿ ಹ್ಯಾಮರ್‌ಹೆಡ್‌ಗಳು ಬಾರ್ಬರ್‌ಫಿಶ್ ಅನ್ನೋ ಕ್ಲೀನರ್ ಮೀನಿನ ಹತ್ತಿರ ಕ್ಲೀನಿಂಗ್‌ಗೆ ಬರುವಾಗ ಯಾರೋ ಒಬ್ಬರು ಜೋರಾಗಿ ಉಸಿರು ಬಿಟ್ಟರೆ ಇಡೀ ಗುಂಪು ತಿರುಗಿ ಹೋಗುತ್ತೆ. ದೊಡ್ಡ ತಂಡಗಳು ರೀಬ್ರೀದರ್ (ಗುಳ್ಳೆ ಬಿಡದ ಉಸಿರಾಟದ ಉಪಕರಣ) ಬಳಸೋದು ಅದಕ್ಕೇ. ನಮಗೆ ಅದು ಆಗದ ಮಾತು. ಬಂಡೆ ಮರೆಗೆ ಕೂತು ನಿಧಾನ ಉಸಿರಾಡೋದು ಒಂದೇ ದಾರಿ.

ಹವಳದಿಬ್ಬ

ನಿಧಾನ ಉಸಿರಾಡಿ. ಉಸಿರು ಹಿಡಿಯಬೇಡಿ. ಉಸಿರು ಹಿಡಿದು ಮೇಲಕ್ಕೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು.

ಜೀವಶಾಸ್ತ್ರದ ಮೇಷ್ಟ್ರು

ದುಡ್ಡಿನ ಚಿಂತೆ ಇಲ್ಲದವರಿಗೆ ಫ್ರೆಂಚ್ ಪಾಲಿನೇಷ್ಯಾದ ಫಕರಾವಾ. ಅಲ್ಲಿಯ ದಕ್ಷಿಣದ ಕಾಲುವೆಯಲ್ಲಿ ಜೂನ್ ಜುಲೈ ಹುಣ್ಣಿಮೆಯ ಆಸುಪಾಸು ಸಾವಿರಾರು ಗ್ರೂಪರ್ ಮೊಟ್ಟೆ ಇಡಲು ಸೇರುತ್ತವೆ, ಅವುಗಳ ಸುತ್ತ ಸುಮಾರು ಏಳುನೂರು ಗ್ರೇ ರೀಫ್ ಶಾರ್ಕ್. ಹಗಲು ಅವು ಹರಿವಿನಲ್ಲಿ ತೂಗುತ್ತ ಸೋಮಾರಿಗಳ ಹಾಗಿರುತ್ತವೆ, ಬೇಟೆ ರಾತ್ರಿ. ನೀರಡಿ ಛಾಯಾಗ್ರಾಹಕ ಲೋರಾಂ ಬಲೆಸ್ಟಾ ಅವರ ತಂಡ ವರ್ಷ ವರ್ಷ ಅಲ್ಲಿಗೇ ಹೋಯಿತು, 2014ರಲ್ಲಿ ಬಲೆಸ್ಟಾ ಅಲ್ಲಿ 24 ಗಂಟೆ ಸತತ ನೀರಡಿಯಲ್ಲಿದ್ದರು. ಹಗಲಲ್ಲಿ ಮಾತ್ರ ಇಳಿದವರು ಆ ಶಾರ್ಕುಗಳು ಏನೂ ಮಾಡುವುದಿಲ್ಲ ಎಂದೇ ವಾಪಸು ಬರುತ್ತಿದ್ದರು.

ಧಾರವಾಡದ ಮೊಸಳಿ

ಐರ್ಲೆಂಡಿನ ಕ್ಲೇರ್ ಕರಾವಳಿಯೊಳಗ ಬಾಸ್ಕಿಂಗ್ ಶಾರ್ಕ್ ಚಕ್ರ ಕಟ್ಟಿ ತಿರಗತಾವಲ್ರಿ, ಅದನ್ನ ಬಿಟ್ರಿ. 2016ರಿಂದ 2021ರ ತನಕ ನೋಡಿ 2022ರಾಗ ಸಂಶೋಧಕರು ಬರದಾರ. ಗಂಡು ಹೆಣ್ಣು ಕೂಡೇ ಸುತ್ತತಾವ, ವಧುಪರೀಕ್ಷಾ ಇದ್ದಂಗ. ಮ್ಯಾಲಿಂದ ಡ್ರೋನ್ ಹಾರಿಸಿದ್ದಕ್ಕ ಆ ಚಕ್ರದ ಆಕಾರ ತಿಳೀತು, ಕೆಳಗಿದ್ದವಗ ಒಂದ ಬಾಲ ಬಿಟ್ರ ಏನೂ ಕಾಣಾಂಗಿಲ್ಲ.

ಎಫ್‌ಸ್ಟಾಪ್

ಹೌದು, ಡ್ರೋನ್. 2023ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಹತ್ತಿರ ಬಿಳಿ ಪದರ ಕಳಚ್ತಾ ಇದ್ದ ಗ್ರೇಟ್ ವೈಟ್ ಮರಿ ಸಿಕ್ಕಿದ್ದೂ ಡ್ರೋನ್‌ಗೆ. ಆಗ ತಾನೇ ಹುಟ್ಟಿದ್ದಿರಬಹುದು ಅಂತ ಸಂಶೋಧಕರು 2024ರಲ್ಲಿ ಬರೆದರು. ಅದನ್ನ ತೆಗೆದ ಕಾರ್ಲೋಸ್ ಗೌನಾ ಅದೇ ಕರಾವಳಿಯನ್ನ ಬಿಡದೆ ಚಿತ್ರೀಕರಿಸ್ತಿದ್ದವರು, ಅದಕ್ಕೇ ಬಣ್ಣ ಬೇರೆ ಇದೆ ಅಂತ ಹೊಳೆದಿದ್ದು.

ತೇಲುಗಣ್ಣು

ಎಲ್ಲರಿಗೂ ದೊಡ್ಡ ನಮಸ್ಕಾರ. ನಾಲ್ಕು ದ್ವೀಪದ ಪಟ್ಟಿ ಹರಿದು ಹಾಕಿದೆ. ಮಲಪಾಸ್ಕುವಾ ಒಂದೇ, ಎರಡೂ ವಾರ. ಮೂರು ಪ್ರಶ್ನೆ ಉಳಿದಿವೆ. ಯಾವ ತಿಂಗಳು? ನೈಟ್ರಾಕ್ಸ್ ಎಷ್ಟು? ವಿಶೇಷ ಏನಾದರೂ ಸಿಕ್ಕರೆ ಯಾರಿಗೆ ಕೊಡಬೇಕು?

ಹವಳದಿಬ್ಬ

ಥ್ರೆಶರ್ ವರ್ಷವಿಡೀ ಇರುತ್ತೆ. ನೋಡಬೇಕಾದ್ದು ಚಂಡಮಾರುತ, ವರ್ಷದ ಕೊನೆಯ ಭಾಗದಲ್ಲಿ ಕಾಟ ಜಾಸ್ತಿ. ಮಾರ್ಚ್, ಏಪ್ರಿಲ್ ಸಮಾಧಾನ. ನೈಟ್ರಾಕ್ಸ್ 32 (ಶೇಕಡಾ 32 ಆಮ್ಲಜನಕ) ತಗೊಳ್ಳಿ, ಆಮ್ಲಜನಕದ ಒತ್ತಡ 1.4 ಮೀರದ ಲೆಕ್ಕದಲ್ಲಿ 34 ಮೀಟರ್ ಹತ್ತಿರ ಮಿತಿ, ಮೋನಾಡ್‌ಗೆ ಸಾಕು. ಬುಕ್ ಮಾಡುವಾಗ ದಿನಾ ಅದೇ ಗೈಡ್ ಬೇಕು ಅಂತ ಕೇಳಿ, ಮೊದಲೆರಡು ದಿನ ಕ್ಯಾಮೆರಾ ಆನ್ ಮಾಡದೆ ನೋಡ್ತೀನಿ ಅಂತ ಅವರಿಗೆ ಹೇಳಿ. ಆಮೇಲೆ ಅವರೇ ನಿಮ್ಮನ್ನ ಒಳ್ಳೆಯ ಜಾಗದಲ್ಲಿ ಕೂರಿಸ್ತಾರೆ.

ಜೀವಶಾಸ್ತ್ರದ ಮೇಷ್ಟ್ರು

ಮೊದಲು ಅಲ್ಲೇ ಕೆಲಸ ಮಾಡುವ ಸಂಶೋಧಕರಿದ್ದಾರೆಯೇ ಎಂದು ಗೈಡ್‌ಗಳನ್ನು ಕೇಳಿ. ತಿಮಿಂಗಿಲ ಶಾರ್ಕ್ ಸಿಕ್ಕರೆ ಎಡಮಗ್ಗುಲಿನ ಕಿವಿರಿನ ಹಿಂದಿನ ಚುಕ್ಕೆಗಳ ಚಿತ್ರ ತೆಗೆದು ಶಾರ್ಕ್‌ಬುಕ್ ಎಂಬ ಆನ್‌ಲೈನ್ ದಾಖಲೆಗೆ ಹಾಕಿ. ಆ ಚುಕ್ಕೆ ಹೋಲಿಸುವ ಲೆಕ್ಕ ಮೂಲತಃ ಖಗೋಳದವರು ನಕ್ಷತ್ರಗಳ ಚಿತ್ರ ಹೋಲಿಸಲು ಮಾಡಿಕೊಂಡಿದ್ದು. ಯಾವುದೇ ಕ್ಲಿಪ್ ಆಗಲಿ, ಕತ್ತರಿಸದ ಮೂಲ ಫೈಲ್ ಇಟ್ಟುಕೊಳ್ಳಿ. ಆಳ, ಹೊತ್ತು, ನೀರಿನ ಉಷ್ಣತೆ, ತಿಥಿ, ಭರತವೋ ಇಳಿತವೋ, ಸುತ್ತ ಎಷ್ಟು ಜನ ಡೈವರ್ ಇದ್ದರು ಎಂಬುದನ್ನು ಬೋಟಿಗೆ ಹತ್ತಿದ ಕೂಡಲೇ ಬರೆದಿಡಿ. ಸಂಗೀತ ಹಾಕಿ ಮೂವತ್ತು ಸೆಕೆಂಡಿಗೆ ಕತ್ತರಿಸಿದ್ದನ್ನು ಕಳಿಸಿದರೆ ಅವರಿಗೆ ಯಾವ ಪ್ರಯೋಜನವೂ ಇಲ್ಲ.

ಹೊಸನೀರು

ಅಕ್ಕ, ಈ ಶನಿವಾರ ನೇತ್ರಾಣಿಗೆ ಬುಕ್ ಮಾಡಿದೆ. ಕ್ಯಾಮೆರಾ ಇಲ್ಲ.

ಹವಳದಿಬ್ಬ

ಒಳ್ಳೆಯದಾಯ್ತು. ಬೋಟಲ್ಲಿ ವಾಂತಿ ಆಗೋ ಹಾಗಿದ್ದರೆ ಮಾತ್ರೆ ಯಾವುದು, ಯಾವಾಗ ಅಂತ ಡಾಕ್ಟರನ್ನ ಮೊದಲೇ ಕೇಳಿಕೋ. ಅಲೆ ಹತ್ತಿದ ಮೇಲೆ ನುಂಗಿದರೆ ಅದೂ ಆಚೆ ಬರುತ್ತೆ.